ಜಡವಸ್ತು ನೋಂದವಹಿ

ಚಾವಡಿಯ ಕಪಾಟು ಖಾಲಿ ಮಾಡಬೇಕು,
ಸೋಮವಾರ ಕಂಪ್ಯೂಟರು ಬರುತ್ತದೆ.
ತಲಾಠಿ ಸಾಹೇಬರು ಜತ್ತಿಗೆ ಹೋಗಿದ್ದಾರೆ.
ಕೋತವಾಲ ಅಮೋಗಸಿದ್ಧ ಮಾಮಾ ಕುಕ್ಕರಗಾಲಲ್ಲಿ ಕೂತು
ಬಿಸ್ಕೀಟಿನ ತಗಡಿನ ಡಬ್ಬಿ ಬಿಚ್ಚಿದ.
"ಬರಕೋ ತಂಗಿ."

ವಹಿಯ ಹೆಸರು ಜಡವಸ್ತು ನೋಂದವಹಿ.
ಮರಾಠಿಯಲ್ಲಿ ನೋಂದ ಅಂದರೆ ದಾಖಲೆ.
ಕಾರಿಹಟ್ಟಿಯ ಬಾಯಲ್ಲಿ ಆ ದೀರ್ಘ ನಿಲ್ಲುವುದಿಲ್ಲ,
ನೊಂದವಹಿ ಅನ್ನುತ್ತಾರೆ. ಯಾರೂ ತಿದ್ದಿಲ್ಲ.

ಮೊದಲನೆಯದು ಹಿತ್ತಾಳೆ, ದುಂಡಗೆ. ಸಂಸ್ಥಾನದ ಕಾಲದ್ದು.
ಮಾಮಾನ ಮುತ್ಯಾ ಇದನ್ನು ಪಟಕಾದ ಸೆರಗಿಗೆ ಗಂಟುಹಾಕಿ
ಜತ್ತಿನಿಂದ ನಡೆದು ಬಂದಾಗ
ದಾರಿಯಲ್ಲಿ ಎದುರಾದವರು ಚಪ್ಪಲಿ ಕಳೆದು ನಿಂತರಂತೆ.
ಮರುದಿನ ಮೊಹರು ಕುಲಕರ್ಣಿಯ ಕೈಗಿಟ್ಟು ಅದೇ ದಾರಿ ಹಿಡಿದರೆ
ಅವೇ ಮಂದಿ: "ಸರೀ ಅತ್ಲಾಗ."
ಷರಾ: ಅಂಚು ಸವೆದಿದೆ.

ಎರಡನೆಯದು ಮುಂಬಯಿ ರಾಜ್ಯ. ಕಟ್ಟಿಗೆಯ ಹಿಡಿಕೆ, ರಬ್ಬರು ಇಲಿ ತಿಂದಿದೆ.

ಮೂರನೆಯದರ ಮೇಲೆ ಮಹಾರಾಷ್ಟ್ರ ಶಾಸನ.
ಅವರಲ್ಲಿ ಶಾಸನ ಅಂದರೆ ಸರಕಾರ.
ನಮ್ಮೂರಲ್ಲಿ ಶಾಸನ ಅಂದರೆ ಬಾವಿಯ ಬದಿಯ ಕಲ್ಲು,
ಮೇಲೆ ಸೂರ್ಯ ಚಂದ್ರ, ಆಕಳು ಕರು, ಕೆಳಗೆ ಹಳಗನ್ನಡ;
ಸೂರ್ಯಚಂದ್ರರಿರುವ ತನಕ ಈ ಹೊಲ ಇಂಥವರದು ಅಂತ
ಯಾವನೋ ದೊರೆ ಹೇಳಿದ್ದಾನಂತೆ.
ಸೂರ್ಯಚಂದ್ರರು ಇದ್ದಾರೆ.
ಇಂದವ್ವ ಅದರ ಮೇಲೆ ಕೌದಿ ಒಗೆಯುತ್ತಾಳೆ.

ಏಳನೇ ಇಯತ್ತೆಯಲ್ಲಿ ಹುಲ್ಯಾಳ ಮಾಸ್ತರರು
ಹಲಗೆಯ ಮೇಲೊಂದು ತ್ರಿಕೋಣ ಬರೆದು
ತುದಿಗೆ ಚುಕ್ಕೆ ಇಟ್ಟರು: ರಾಜಪ್ರಭುತ್ವ.
ಮರುದಿನ ಅದನ್ನೇ ತಲೆಕೆಳಗು ಮಾಡಿ: ಪ್ರಜಾಪ್ರಭುತ್ವ.
ಎರಡೂ ದಿನ ಒರೆಸಿದವನು ಮಾನಿಟರ್ ಬಾಳಾಸಾಬ.
ಅವನನ್ನು ನಾವು ಆರಿಸಿರಲಿಲ್ಲ.

ಮಾಮಾನಿಗೆ ಓದು ಬಾರದು. ಮೂವತ್ತು ವರ್ಷ
ಮೊಹರಿನ ಮುಖ ಒರೆಸಿ ಒರೆಸಿ
ಅಕ್ಷರ ಬೆರಳಿಗೆ ಹತ್ತಿವೆ, ಎಲ್ಲಾ ಉಲ್ಟಾ.
"ನನಗ ಸರಕಾರದ ಗುರ್ತು ಈ ಕಡೀಂದ ಐತಿ," ಅಂದ,
"ಕಾಗದದ ಕಡೀಂದ ನೀವು ನೋಡ್ರಿ."

ಆಮೇಲೆ ಎಡಗೈ ಚಾಚಿದ. ಹೋದ ತಿಂಗಳ ಓಟಿನ ಮಸಿ
ಉಗುರಿನ ಜೊತೆ ಬೆಳೆದು ಅರ್ಧಕ್ಕೆ ಏರಿದೆ.
"ಆಗ ಮಸಿ ಕಾಗದಕ್ಕ ಹಚ್ಚತಿದ್ರು. ಈಗ ನಮಗ ಹಚ್ಚತಾರ.
ಹಂಗಾರ ನಾವು ಮೊಹರೋ, ಕಾಗದೋ?"
ನಾನು ಪೆನ್ನು ಝಾಡಿಸಿದೆ. ಶಾಯಿ ಬರುತ್ತಿರಲಿಲ್ಲ.

ಸೋಮವಾರದಿಂದ ಮೊಹರಿಗೆ ಮುಖವೇ ಇಲ್ಲ.
ಕಿರುಬೆರಳಿನಷ್ಟು ಒಂದು ಡೋಂಗಲ್,
ಸಾಹೇಬರ ಬೈಕಿನ ಕೀಲಿಗೊಂಚಲಲ್ಲಿ.
ಅದರ ಎದುರು ಚಪ್ಪಲಿ ಕಳೆಯಬೇಕೆಂದರೂ
ಸಾಹೇಬರು ಎಲ್ಲಿದ್ದಾರೆಂದು ಮೊದಲು ಫೋನು ಮಾಡಬೇಕು.

ಹಿತ್ತಾಳೆಗೆ ಹಾ ಎಂದು ಉಸಿರು ಊದಿ
ಮಾಮಾ ನನ್ನ ಮುಂಗೈಗೆ ಒತ್ತಿದ. ಮಸಿ ಇಲ್ಲ, ಬರೀ ತಗ್ಗು.
ಅಕ್ಷರ ನೆಟ್ಟಗೆ ಕಂಡವು.
ಎರಡು ಓದುವಷ್ಟರಲ್ಲಿ ಚರ್ಮ ಎದ್ದು ಸಪಾಟಾಯಿತು.

ನಾಲ್ಕನೇ ಸಾಲು ಬರೆದೆ: ಡಬ್ಬಿ, ತಗಡಿನದು, ಒಂದು.
"ಏ, ಡಬ್ಬಿ ನಂದು. ಹೊಡದ ಹಾಕು."
ಹೊಡೆದು ಹಾಕಿದ ಪ್ರತಿ ಸಾಲಿನ ಪಕ್ಕ
ಮೊಹರು ಬೀಳಬೇಕು, ಅದು ನಿಯಮ.
ಇಬ್ಬರೂ ಡಬ್ಬಿಯೊಳಗೆ ಬಗ್ಗಿ ನೋಡಿದೆವು.
ಮೂರಿದ್ದವು.