ಲೈನಿಂಗ್

ಬಲಗಣ್ಣಿನ ಪಟ್ಟಿ ಬಿಚ್ಚಿದ ಮೂರನೇ ಬೆಳಿಗ್ಗೆ
ತುಳಜಾಬಾಯಿ ಅಂಗಡಿಯ ಹಿಂಬಾಗಿಲು ತೆಗೆದು
ಮೆಟ್ಟಿಲ ಮೇಲೇ ನಿಂತುಬಿಟ್ಟರು:
‘ಯಾರೇ ಇದನ್ನೆಲ್ಲ ಹೀಗೆ ನೆಟ್ಟವರು?’

ನೀವೇ, ಎಂದೆ. ಬಾಯಲ್ಲಿ ಸೂಜಿಯಿತ್ತು.

ದುರ್ಗಿಗುಡಿಯ ಸಂದಿಯಲ್ಲಿ ಹನ್ನೆರಡು ಅಡಿ ಮಣ್ಣು,
ಆಚೆ ಲ್ಯಾಬಿನವರ ಜನರೇಟರು, ಈಚೆ ನಮ್ಮ ಇಸ್ತ್ರಿ ಮೇಜು.
ಸಾಗರದ ಗಿರಾಕಿ ಹೊಲಿಗೆ ದುಡ್ಡಿನ ಬದಲು ಕೊಟ್ಟ ಡೇರೆ ಗಡ್ಡೆ,
ಪೈಂಟ್ ಡಬ್ಬಿಯಲ್ಲಿ ಕಾಬಾಳೆ,
ಯಾರದೋ ಕಾಂಪೌಂಡಿನಿಂದ ಮುರಿದು ತಂದ ಕ್ರೋಟನ್ನು
(ಕೇಳಿ ತಂದರೆ ಚಿಗುರುವುದಿಲ್ಲವಂತೆ).

ಎಂಟು ವರ್ಷ ಪೊರೆಗಣ್ಣಿನಲ್ಲಿ ನೆಟ್ಟದ್ದು.
ಆಗ ಜಗತ್ತಿಗೆಲ್ಲ ಅರಿಶಿನದ ಒಂದು ಅದ್ದು.
ಬಿಳಿ ಕೆನೆಯಾಗಿತ್ತು, ನೇರಳೆ ಕಾಫಿಪುಡಿ,
ಎಲ್ಲವೂ ಎಲ್ಲದಕ್ಕೂ ಹೊಂದುತ್ತಿತ್ತು.

ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.
ಕೆಂಡಗಿತ್ತಳೆ ಕಾಬಾಳೆಯ ಹೆಗಲಿಗೆ
ಗುಲಾಬಿ ಡೇರೆ ಆತುಕೊಂಡು ಹಲ್ಲು ಕಡಿಯುತ್ತಿದೆ.
ನಡುವೆ ಹಳದಿ ಚುಕ್ಕೆಯ ಕ್ರೋಟನ್ನು
ಇಬ್ಬರಿಗೂ ಚಾಡಿ ಹೇಳುತ್ತಿದೆ.
‘ಇಂಥ ರವಿಕೆ ಹೊಲಿದುಕೊಟ್ಟಿದ್ದರೆ
ಮುಖಕ್ಕೆ ಎಸೆದು ಹೋಗೋರು.’

ಆಮೇಲೆ ದನಿ ಇಳಿಯಿತು:
‘ಹಾಗಾದರೆ... ರವಿಕೆಗಳು?’

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಬಗ್ಗಬಾರದು ಎಂದಿದ್ದರು ಡಾಕ್ಟರು.
ಅವರು ಹೇಳಿದರು, ನಾನು ಅಗೆದೆ.
ಯಾವುದನ್ನೂ ಕಿತ್ತೆಸೆಯಗೊಡಲಿಲ್ಲ.
ಕಾಬಾಳೆ ಡೇರೆಗಳ ನಡುವೆ ಎರಡು ಗೇಣು ಬಿಡಿಸಿ
ಬೂದು ಮಾಚಿಪತ್ರೆ, ಲೈನಿಂಗ್ ಕೊಟ್ಟ ಹಾಗೆ.
ಗುಲಾಬಿಯ ಕಾಲಡಿಗೆ ಕರಿನೇರಳೆ ಕೋಲಿಯಸ್,
ಕಿತ್ತಳೆಯ ಬೆನ್ನಿಗೆ ಕರಿಕೆಸು.
ಕ್ರೋಟನ್ನು ಮಾತ್ರ ದೂರ, ನಲ್ಲಿಯ ಹತ್ತಿರ:
ಜಗಳಗಂಟರಿಗೆ ಕಿಟಕಿ ಸೀಟು ಕೊಡಬೇಕು.

‘ಹೂವು ಬಂದು ಹೋಗೋ ಗಿರಾಕಿ ಕಣೇ.
ದೀಪಾವಳಿ ಕಳೆದರೆ ಡೇರೆ ಮಣ್ಣೊಳಗೆ ಮಲಗುತ್ತೆ.
ಮಾರ್ಚಿನ ಬಿಸಿಲಲ್ಲೂ ಅಂಗಡಿ ತೆಗೆದಿರೋದು ಎಲೆ.’

ನಾನು ಕೈ ತೊಳೆದು ಬರುವಷ್ಟರಲ್ಲಿ
ದಾರದ ಡ್ರಾಯರು ಎಳೆದು ನಿಂತಿದ್ದರು.
ಮ್ಯಾಚಿಂಗ್ ಎಂದು ಅವರು ಆರಿಸಿಕೊಟ್ಟ,
ನಾನು ಮಿಷನ್ನಿಗೆ ಏರಿಸದೆ ಒಳಗಿಟ್ಟ ರೀಲುಗಳು,
ತುದಿ ಸಹ ಬಿಚ್ಚಿರಲಿಲ್ಲ.
ಒಂದೊಂದನ್ನೇ ಬೆಳಕಿಗೆ ಹಿಡಿದರು.
ಆಮೇಲೆ ನನ್ನನ್ನು ನೋಡಿದರು, ಹೊಸಬಳನ್ನು ನೋಡುವ ಹಾಗೆ.
ಜನರೇಟರು ಗುರುಗುಟ್ಟಿ ನಿಂತಿತು.

ಗಿಳಿಹಸಿರೆಂದು ನಂಬಿದ್ದ ಒಂದು ನೀಲಿ ರೀಲು
ನನ್ನ ಒದ್ದೆ ಅಂಗೈಗೆ ಇಟ್ಟು,
‘ಡೇರೆ ಬಗ್ಗಿದೆ. ಕೋಲಿಗೆ ಕಟ್ಟಿ ಬಾ,’ ಎಂದರು.
‘ಬಿಗಿಯಾಗಿ ಬೇಡ.’