ಹೊಗೆ ಕುಡಿದ ಎಳೆ

ಹಾಜರಿ ಪುಸ್ತಕ ನನ್ನ ಬಳಿಯೇ ಉಳಿಯಿತು.
ಆಫೀಸು ಗೇಟಿನ ಪಕ್ಕ, ಬೆಂಕಿ ಅಲ್ಲಿಯತನಕ ಬರಲಿಲ್ಲ.
ಎಡಕ್ಕೆ ಹೆಸರು, ಬಲಕ್ಕೆ ತಾರೀಕಿನ ಮನೆಗಳು,
ಬಂದವರಿಗೆ ಗೀಟು, ಬಾರದವರಿಗೆ ಸೊನ್ನೆ.
ಆ ಶುಕ್ರವಾರ ಎರಡನೇ ಪಾಳಿಗೆ ನಲವತ್ತೊಂದು ಗೀಟು.
ಪೂಂಗೊಡಿ ತಡವಾಗಿ ಓಡಿ ಬಂದಳು.
ಪಾಪ ಅಂತ
ಸೊನ್ನೆಯನ್ನು ತಿದ್ದಿ ಗೀಟು ಮಾಡಿದವಳು ನಾನು.

ಕಾಫಿ ಹೊಟ್ಟಿನ ಧೂಳಿಗೆ ಇಷ್ಟು ಸಿಟ್ಟಿದೆಯೆಂದು
ಯಾರು ಹೇಳಿದ್ದರು ನಮಗೆ?
ರೆಪ್ಪೆಯ ಮೇಲೆ, ಬುತ್ತಿಯ ಮುಚ್ಚಳದ ಮೇಲೆ ಕೂರುತ್ತಿದ್ದ ಧೂಳು,
ಮನೆಯಲ್ಲಿ ಸೆರಗು ಕೊಡವಿದರೆ ಮಗು ಸೀನುತ್ತಿತ್ತು, ಅಷ್ಟೆ.
ಡ್ರೈಯರಿನ ಬಾಯಿಂದ ಕಿಡಿಯೊಂದು ಹಾರಿ
ಶೆಡ್ಡಿನ ಗಾಳಿಯೇ ಹೊತ್ತಿಕೊಂಡಿತು.
ಕೂಡಿಗೆಯವರೆಗೂ ಕೇಳಿಸಿತಂತೆ.
ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದವರು ಹತ್ತೊಂಬತ್ತು,
ಹಿಂದಿರುಗಿದವರು ಹನ್ನೆರಡು.
ಮೂರು ದಿನ ಊರೆಲ್ಲ ಹುರಿದ ಕಾಫಿಯ ಘಮ.
ಅಂದಿನಿಂದ ನನಗೆ ಚಹಾ.

ಪರಿಹಾರದ ದುಡ್ಡು ಬ್ಯಾಂಕಿಗೆ ಬಂತು, ಬೆರಳೊತ್ತಿ ಎಂದರು.
ಸೈನಬಾಳ ಹೆಬ್ಬೆಟ್ಟಿನಲ್ಲಿ ಗೆರೆಯೇ ಇರಲಿಲ್ಲ.
ಯಂತ್ರ ಮೂರು ಸಲ ಕೆಂಪಾಯಿತು,
ನಾಲ್ಕನೇ ಸಲ ಅವಳು.

ಮೇದರ ಪಾರು ಬಂದದ್ದು ಯುಗಾದಿ ಕಳೆದ ಮೇಲೆ,
ಆನೆಕಾಡು ಡಿಪೋದಿಂದ ಒಂದು ಆಟೋ ತುಂಬ ಬಿದಿರು ಹೇರಿಕೊಂಡು.
ಪಂಚಾಯಿತಿಯ ಹಳೇ ಕಟ್ಟಡದಲ್ಲಿ ಇಳಿಸಿ ಕೂತಳು.
ಅವಳ ಸೊಸೆ ಹಿಂದಿರುಗದವರಲ್ಲಿ ಒಬ್ಬಳು.
ಅವಳು ಹೇಳಲಿಲ್ಲ. ಪುಸ್ತಕದಲ್ಲಿತ್ತು.

"ಕರಿಬೀಜ, ಒಡಕು, ಪೀಬಿ ಅಂತ ಆರಿಸಿದ ಕಣ್ಣು ನಿಮ್ಮದು,
ಕಣ್ಣಿಗೆ ಕೆಲಸ ಗೊತ್ತು, ಕೈಗೆ ಹೇಳಿಕೊಡೋದಷ್ಟೆ ನಾನು."
ಹುಳ ಹಿಡಿದ ಗಳು, ಎಳಸು ಗಳು, ಬಲಿತ ಗಳು,
ಗೆಣ್ಣಿನ ಹತ್ತಿರ ಮಚ್ಚು ಹೇಗೆ ಹೊರಳಬೇಕು,
ನೀರಲ್ಲಿ ನೆನೆದ ಎಳೆ ಹೊಸ ಚರ್ಮಕ್ಕೆ
ಎಷ್ಟು ತಂಪು.
ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಯಾರೂ ಹಿಸುಕಿರಲಿಲ್ಲ,
ಮಕ್ಕಳು ಆಡಿ ಕಳೆದಿದ್ದವು.
ಬುಟ್ಟಿಯ ಅಂಚು ಕಟ್ಟುವಾಗ ಬೆರಳು ತಾನಾಗಿ ಮಡಚಿತು.
ಜೋಯಿಯ ಮೊದಲ ಕುಕ್ಕೆ ನೋಡಿ ಪಾರು ಅಂದಳು,
"ಇದರಲ್ಲಿ ಕೋಳಿಯೂ ಕಾವು ಕೂರಲ್ಲ."
ಆಸ್ಪತ್ರೆಯ ನಂತರ ಜೋಯಿ ನಕ್ಕದ್ದು ಅವತ್ತು,
ಕೆನ್ನೆಯ ಒಂದೇ ಕಡೆಯಿಂದ.

ಮಳೆ ಬಿಟ್ಟ ತಿಂಗಳು ಕಂಪೆನಿಯ ಕಾಗದ:
ಹೊಸ ಶೆಡ್ಡಿನ ಉದ್ಘಾಟನೆ, ಅತಿಥಿಗಳಿಗೆ ಇನ್ನೂರು ಬುಟ್ಟಿ,
ಒಳಗೆ ಕಾಫಿಪುಡಿ, ಏಲಕ್ಕಿ, ಜೇನು.
ಸೈನಬ ಮಚ್ಚನ್ನು ನೆಲಕ್ಕೆ ಹಾಕಿ ಎದ್ದು ಹೋದಳು.
ವಳ್ಳಿ ಕೇಳಿದಳು, "ಅಕ್ಕಿಗೆ ಗೊತ್ತಾಗುತ್ತಾ
ಯಾರ ದುಡ್ಡು ಅಂತ?"
ಸಂಜೆಯವರೆಗೂ ಜಗಳ.
ನಾನು ಬರೆಯುವವಳು, ಸುಮ್ಮನಿದ್ದೆ.
ಅದೂ ಒಂದು ಪಕ್ಷವೇ.

ಮರುದಿನ ಪಾರು ತನ್ನ ಮನೆಯ ಅಟ್ಟದಿಂದ
ಒಲೆಯ ಹೊಗೆ ಕುಡಿದು ಕಪ್ಪಾದ ಗಳುಗಳನ್ನು ಇಳಿಸಿ ತಂದಳು.
"ರೇಟು ಎರಡು ಪಟ್ಟು, ಅರ್ಧ ಮುಂಗಡ, ಅಂತ ಬರಿ."
ಒಂದೊಂದು ಬುಟ್ಟಿಗೂ ಏಳು ಕರಿ ಎಳೆ ಸೇರಿಸಿದರು,
ಬಿಳಿಯ ಎಳೆಗಳ ನಡುವೆ
ಹೋಗಿ, ಮರೆಯಾಗಿ, ಮತ್ತೆ ಬಂದು.

ಉದ್ಘಾಟನೆ ಚೆನ್ನಾಯಿತಂತೆ.
"ಕಪ್ಪು ಡಿಸೈನು ಎಲ್ಲರಿಗೂ ಇಷ್ಟ ಆಯ್ತು,
ಮುಂದಿನ ಸಲವೂ ಇರಲಿ" ಎಂದ ಮ್ಯಾನೇಜರು.
"ಎಣಿಸಿದ್ರಾ?" ಅಂತ ಪಾರು.
ಅವನು ಬಿಲ್ಲು ಎಣಿಸಿದ.

ನಾನು ಅದೇ ಪುಸ್ತಕದಲ್ಲಿ ಬರೆಯುತ್ತೇನೆ ಈಗಲೂ,
ಖಾಲಿ ಹಾಳೆ ಬಹಳ ಇದ್ದವು.
ಪ್ರತಿ ತಿಂಗಳೂ ಹೊಸ ಪುಟಕ್ಕೆ ಆ ಏಳು ಹೆಸರೂ ಹೋಗುತ್ತವೆ.
ಅವರ ಮನೆಗಳಲ್ಲಿ ಗೀಟಿಲ್ಲ, ಸೊನ್ನೆಯೂ ಇಲ್ಲ.
ಹಿಂದಕ್ಕೆ ತಿರುವಿದರೆ ಪೂಂಗೊಡಿಯ ಸಾಲಿನಲ್ಲಿ
ಗೀಟಿನ ಅಡಿಗೆ ಸೊನ್ನೆ ಇನ್ನೂ ಕಾಣುತ್ತದೆ.

ಇವತ್ತು ಸೈನಬ ಬಂದಳು. ತಡವಾಗಿ.
ಚಪ್ಪಲಿ ಬಿಟ್ಟು, ಏನೂ ಹೇಳದೆ, ತನ್ನ ಜಾಗದಲ್ಲಿ ಕೂತಳು.
ಆಗಲೇ ಸೊನ್ನೆ ಬರೆದಾಗಿತ್ತು.
ಪೆನ್ನು ಹಿಡಿದ ಕೈ ನಿಂತಿತು,
ಮಚ್ಚು ಬಿದಿರಿಗೆ ಇಳಿಯುವ ಸದ್ದು ಬರುವವರೆಗೂ ನಿಂತಿತು.
ಆಮೇಲೆ ಎಳೆದೆ.