ಗೈರುಹಾಜರು

ಕೊಂಕಣಿಯಲ್ಲಿ ಕೂಗಿದೆ. ಮರಾಠಿ, ಹಿಂದಿ,
ಕೊನೆಗೆ ನಮ್ಮ ಹಳಿಯಾಳದ ಕನ್ನಡದಲ್ಲೂ:
ನಲವತ್ತೊಂದು! ಯಾರ್ರೀ ನಲವತ್ತೊಂದು?
ನಾಲ್ಕು ಭಾಷೆಯ ಗಂಟಲೆಂದೇ
ಈ ಕಿಟಕಿಗೆ ನನ್ನನ್ನು ಕೂರಿಸಿದ್ದರು,
ಪಣಜಿಯ ಉದ್ಯೋಗ ವಿನಿಮಯ ಕಚೇರಿ,
ಎರಡನೇ ಮಹಡಿ, ಹನ್ನೊಂದು ತಿಂಗಳ ಕರಾರು.

ಯಾರೂ ಏಳಲಿಲ್ಲ.
ರಿಜಿಸ್ಟರಿನಲ್ಲಿ ಬರೆದೆ: ಗೈರುಹಾಜರು.
ಹಿಂದಿನ ಸೋಮವಾರವೂ ಅದೇ ಹೆಸರಿನ ಮುಂದೆ ಅದೇ ಮಾತು,
ಅದರ ಹಿಂದಿನದೂ ನನ್ನದೇ ಅಕ್ಷರ.

ಮೂರೂ ಸಲ ಆಕೆ ಮೊದಲ ಬೆಂಚಿನಲ್ಲಿದ್ದಳು.
ಝುವಾರಿನಗರದಿಂದ ಬಸ್ಸು ಬದಲಿಸಿ ಬಂದು,
ಪ್ಲಾಸ್ಟಿಕ್ ಚೀಲದಲ್ಲಿ ಡಾಕ್ಟರ ಸರ್ಟಿಫಿಕೇಟು ಮಡಚದಂತೆ ಹಿಡಿದು,
ನನ್ನ ತುಟಿಯನ್ನೇ ನೋಡುತ್ತ.
ನಾನೋ ತಲೆ ಬಗ್ಗಿಸಿ ಕೂಗುವವನು,
ಬಾಯಲ್ಲಿ ತಂಬಾಕು ಬೇರೆ.

ಒಂದೂವರೆಗೆ ಕಿಟಕಿ ಮುಚ್ಚುವಾಗ
ಗಾಜಿನ ಸಂದಿಯಿಂದ ಚೀಟಿಯೊಂದು ತೂರಿ ಬಂತು.
ತಿರುವಿದರೆ ಬೆನ್ನಿಗೆ ದುಂಡಗಿನ ಕನ್ನಡ:
‘ಇಲ್ಲೇ ಇದ್ದೆ. ಕಸ್ತೂರಿ ಲಮಾಣಿ.’
ನನಗೆ ಕನ್ನಡ ಬರುತ್ತದೆಂದು ಹೇಗೆ ಗೊತ್ತಾಯಿತು?
ರೊಟ್ಟಿ ಸುತ್ತಿದ ಪೇಪರಿನತ್ತ ಬೆರಳು ಮಾಡಿದಳು.

ಅರ್ಜಿಯ ಕೊನೆಯ ಸಾಲು:
ಕೆಲಸ ಬಂದಲ್ಲಿ ಫೋನಿನಲ್ಲಿ ಕರೆಯಲಾಗುವುದು.
ಅದರ ಮೇಲೆ ಉಗುರಿಟ್ಟು ನಕ್ಕಳು.
ಹೊಡೆದುಹಾಕಿ ‘ಮೆಸೇಜು’ ಎಂದು ಬರೆದೆ,
ಪಕ್ಕದಲ್ಲಿ ಅಧಿಕಾರವಿಲ್ಲದ ನನ್ನ ಸಹಿ.

ನಂಬರು ತೋರಿಸುವ ಬೋರ್ಡು ಬೇಕೆಂದರೆ
ಸಾಹೇಬರು ಮೂರು ಕೊಟೇಶನ್ ಕೇಳಿದರು.
ಮಾರ್ಕೆಟ್ಟಿಗೆ ಹೋಗಿ ಪಾಟಿ ತಂದೆ, ಮಕ್ಕಳದ್ದು,
ಕಟ್ಟಿನಲ್ಲಿ ಕೆಂಪು ಹಳದಿ ಮಣಿ ಪೋಣಿಸಿದ್ದು.
ಈಗ ಬರೆದು ಎತ್ತಿ ಹಿಡಿದು ಆಮೇಲೆ ಕೂಗುತ್ತೇನೆ.
ತೋಳೆಲ್ಲ ಬಳಪದ ಹುಡಿ.

ಕಸ್ತೂರಿಗೆ ಮೆಸೇಜು ಇನ್ನೂ ಹೋಗಿಲ್ಲ.
ಕಳಿಸುವಂಥ ಕೆಲಸ ಬಂದಿಲ್ಲ.

ಇವತ್ತು ಹದಿನೇಳು.
ಬರೆದೆ, ಎತ್ತಿದೆ, ನಾಲ್ಕೂ ಭಾಷೆಯಲ್ಲಿ ಕೂಗಿದೆ.
ಯಾರೂ ಏಳಲಿಲ್ಲ.
‘ಗೈ’ ಎಂದು ಬರೆದ ಪೆನ್ನು ಅಲ್ಲೇ ನಿಂತಿತು:
ಚೀಟಿ ಕೊಡುವುದು ಕೆಳಗೆ, ವಾಚ್‌ಮನ್ನನ ಮೇಜಿನಲ್ಲಿ.
ಲಿಫ್ಟಿನ ಬಾಗಿಲಿಗೆ ಹೋದ ಶಿಗ್ಮೋದಿಂದ ಹಗ್ಗ ಕಟ್ಟಿದೆ.

ಪಾಟಿ ಕಂಕುಳಲ್ಲಿಟ್ಟು ಮೆಟ್ಟಿಲಿಳಿಯತೊಡಗಿದೆ.
ಬೆನ್ನ ಹಿಂದೆ ಹದಿನೆಂಟು ಬೈಯುತ್ತಿತ್ತು,
ನಾಲ್ಕರಲ್ಲಿ ಯಾವುದೋ ಒಂದು ಭಾಷೆಯಲ್ಲಿ.